ಚಪ್ಪಲಿಗಳ ಮೇಲೆ ಬಿದ್ದ ಅಕ್ಷತೆ

ನಿನ್ನೆ ಶಹಾಪುರದ ಮಂಗಲ ಕಾರ್ಯಾಲಯದಲ್ಲೊಂದು ಮದುವೆ. ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳ ಬೆವರಿನ ನಾತ ಮೂಗಿಗೆ ಬಡಿದದ್ದೇ ತಡ, ಖಾನಾಪುರದ ಅತ್ತೆ ನೆನಪಾದಳು.

ಅಪ್ಪನ ತಂಗಿ ಅವಳು, ಗಾಲಿಕುರ್ಚಿಯಲ್ಲೇ ಇದ್ದವಳು. ನಾನು ಚಿಕ್ಕವಳಿದ್ದಾಗ ಇದೇ ಮಂಗಲ ಕಾರ್ಯಾಲಯದಲ್ಲಿ ಅವಳ ತಂಗಿಯ ಮದುವೆಯಾಯಿತು. ಮದುಮಗಳ ಕುಪ್ಪಸವನ್ನು ಅತ್ತೆಯೇ ಹೊಲಿದಿದ್ದಳು. ಆದರೆ ಬಾಗಿಲಿಗೆ ಎಂಟು ಮೆಟ್ಟಿಲು.

"ಅಣ್ಣಾ, ನನ್ನ ಮ್ಯಾಲ ಎತ್ಕೊಂಡ ಹೋಗೋ," ಎಂದಳು.

ಅಪ್ಪ ಹೊಸ ಧೋತರದ ನಿರಿಗೆ ಸರಿಮಾಡಿಕೊಂಡ. "ಬೀಗರ ಮುಂದ ಚಂದ ಕಾಣೂದಿಲ್ಲ. ಇಲ್ಲಿಂದನ ಅಕ್ಷತಿ ಹಾಕು."

ಅವಳ ಬೊಗಸೆಗೆ ಅಕ್ಷತೆ ಸುರಿದು ಮೆಟ್ಟಿಲೇರಿದ. ಬಂದವರೆಲ್ಲ ಅವಳ ಸುತ್ತಲೇ ಚಪ್ಪಲಿ ಬಿಟ್ಟರು. "ಹೆಂಗೂ ಇಲ್ಲೇ ಕುಂತೀರಿ, ನಮ್ಮವೂ ನೋಡ್ಕೋರಿ ಅಕ್ಕಾರ," ಎಂದಳೊಬ್ಬಳು. ಕಳುವಾದಾವೆಂದು ನಾನು ನನ್ನ ಹೊಸ ಚಪ್ಪಲಿಗಳನ್ನು ಅತ್ತೆಯ ತೊಡೆಯ ಮೇಲೆಯೇ ಇಟ್ಟು ಓಡಿದೆ.

ಒಳಗೆ ವಾದ್ಯ ಜೋರಾಯಿತು. ಬಾಗಿಲಿಂದ ಹೊರಗೆ ಇಣುಕಿದೆ. ಅತ್ತೆ ಕಣ್ಣು ಮುಚ್ಚಿಕೊಂಡು, ಎದುರಿಗಿದ್ದ ಚಪ್ಪಲಿಗಳ ಮೇಲೆ ಅಕ್ಷತೆ ಹಾಕುತ್ತಿದ್ದಳು. ನನಗೆ ನಗು ಬಂತು. ನಕ್ಕೆ.

ಈಗ ಅಲ್ಲಿ ಗಾಲಿಕುರ್ಚಿಗೆಂದೇ ಇಳಿಜಾರು ಕಟ್ಟಿದ್ದಾರೆ. ನಿನ್ನೆ ಚಪ್ಪಲಿಯ ರಾಶಿ ಬಿದ್ದಿದ್ದು ಅದರ ಮೇಲೆಯೇ. ನಾನೂ ನನ್ನವನ್ನು ಅಲ್ಲೇ ಬಿಟ್ಟು ಒಳಗೆ ಹೋದೆ.