ಜೂನ್ ಒಂದರ ಹುಡುಗರು

ನಮ್ಮ ಫುಟ್‌ಬಾಲ್ ಕ್ಲಬ್ಬನ್ನು ಕಪ್‌ನಿಂದ ಹೊರಗೆ ಹಾಕಿದ್ದು ಮಾನ್ವಿಯಲ್ಲಿ. ಹುಡುಗರು ಸೆಮಿಫೈನಲ್‌ಗೆಂದು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಎದುರು ತಂಡ ದೇವದುರ್ಗದ್ದು. ಅವರು ನಮ್ಮ ಹುಡುಗರ ವಯಸ್ಸಿನ ಬಗ್ಗೆ ತಕರಾರು ಕೊಟ್ಟಿದ್ದರು. ಕಮಿಟಿಯ ಅಧ್ಯಕ್ಷರು ನಾನು ತುಂಬಿಕೊಟ್ಟ ಫಾರ್ಮನ್ನೂ ಹುಡುಗರ ಆಧಾರ್ ಕಾರ್ಡುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಏಳು ಹುಡುಗರ ಹುಟ್ಟಿದ ದಿನ ಎರಡು ಕಡೆ ಬೇರೆ ಬೇರೆ ಇತ್ತು.

"ಸರ, ನೀವು ಮಾಸ್ತರು. ನೀವ ಹಿಂಗ ಖೊಟ್ಟಿ ತಾರೀಖು ಬರದ್ರ ಹೆಂಗ್ರೀ?" ಎಂದರು. ನಾನು ಬಾಯಿ ತೆಗೆಯುವುದರೊಳಗೆ ನಮ್ಮ ಕ್ಲಬ್ಬಿನ ಹೆಸರಿನ ಮೇಲೆ ಗೀಟು ಎಳೆದಾಗಿತ್ತು.

ಆ ತಾರೀಖುಗಳು ಖೊಟ್ಟಿ ಅಲ್ಲ. ಇವತ್ತಿಗೂ ನನ್ನನ್ನು ಸುಡುವುದು ಅದೇ.

ರಾಯಚೂರಿನ ಅಕ್ಕಿ ಗಿರಣಿಗಳ ಹಿಂದಿನ ಓಣಿಯ ಶಾಲೆಯಲ್ಲಿ ನಾನು ಮಾಸ್ತರು. ಕ್ಲಬ್ಬಿಗೆ ಕಾರ್ಯದರ್ಶಿಯೂ ನಾನೇ. ಅಕ್ಷರ ಚೆನ್ನಾಗಿದೆ ಎಂಬುದೊಂದೇ ನನ್ನ ಅರ್ಹತೆ. ಚೆಂಡು ಒದ್ದರೆ ಚೆಂಡಿಗಿಂತ ನನ್ನ ಚಪ್ಪಲಿ ಮುಂದೆ ಹೋಗುತ್ತದೆ. ಈ ಹುಡುಗರಲ್ಲಿ ಹೆಚ್ಚಿನವರನ್ನು ಒಂದನೆಯ ತರಗತಿಗೆ ಸೇರಿಸಿಕೊಂಡವನೂ ನಾನೇ. ತಾಯಂದಿರು ಕೂಲಿಗೆ ಹೊರಡುವ ಅವಸರದಲ್ಲಿ ಮಕ್ಕಳನ್ನು ತಂದು ನಿಲ್ಲಿಸುತ್ತಿದ್ದರು. ಕೈಯಲ್ಲಿ ಒಂದು ಕಾಗದವೂ ಇರುತ್ತಿರಲಿಲ್ಲ. ಜೂನ್ ಒಂದಕ್ಕೆ ಶಾಲೆಗೆ ಸೇರುವ ವಯಸ್ಸು ತುಂಬಿರಬೇಕು ಎನ್ನುವುದು ನಿಯಮ. ಹಾಗಾಗಿ ನಾವು ಮಾಸ್ತರುಗಳು ಕಣ್ಣು ಮುಚ್ಚಿ ಜೂನ್ ಒಂದು ಎಂದೇ ಬರೆಯುತ್ತಿದ್ದೆವು. ಮುಂದೆ ಆಧಾರ್ ಕಾರ್ಡಿಗೂ ಅದೇ ಹೋಯಿತು. ಇಡೀ ಜಿಲ್ಲೆಯ ತಾಯಂದಿರು ಒಂದೇ ದಿನ ಹಡೆದಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ನಗುತ್ತಿದ್ದೆವು.

ಈ ಸಲ ಕಪ್‌ನ ಫಾರ್ಮ್ ತುಂಬಲು ಕೂತಾಗ ಏಳು ಸಾಲು, ಒಂದರ ಕೆಳಗೊಂದು, ಜೂನ್ ಒಂದು. ನೋಡಿದವರು ಕಳ್ಳ ತಂಡ ಎಂದಾರು ಎಂಬ ಭಯವಾಯಿತು. ನಾಚಿಕೆಯೂ ಆಯಿತು. ಏಳೂ ಮನೆಗೆ ಹೋಗಿ ತಾಯಂದಿರನ್ನು ಕೇಳಿದೆ. ತಾರೀಖು ಯಾರಿಗೂ ಗೊತ್ತಿರಲಿಲ್ಲ, ದಿನ ಮಾತ್ರ ಎಲ್ಲರಿಗೂ ನೆನಪಿತ್ತು.

ನಮ್ಮ ತಂಡದ ನಾಯಕನ ತಾಯಿ ಒಲೆಯ ಮುಂದಿನಿಂದ ಏಳದೆಯೇ ಹೇಳಿದರು: "ಅಲಾಯಿ ದೇವ್ರು ಹೊಳಿಗಿ ಹೋದ ಮರುದಿನ ರೀ ಸರ. ಯಾಪಲದಿನ್ನಿ ಹೊಲದಾಗ ಹತ್ತಿ ಬಿಡಸಾಕತ್ತಿದ್ನಿ. ಬ್ಯಾನಿ ಶುರು ಆತು. ಉಡ್ಯಾಗಿನ ಹತ್ತಿ ಅಲ್ಲೇ ಸಾಲಿನ್ಯಾಗ ಸುರುವಿ ಮನಿಗಿ ಬಂದ್ನಿ."

ಅಲಾಯಿ ಎಂದರೆ ಮೊಹರಂ; ಆ ವರ್ಷ ಅದು ಯಾವಾಗ ಬಿತ್ತೆಂದು ಮೊಬೈಲಿನಲ್ಲಿ ಹುಡುಕಿದೆ. ಡಿಸೆಂಬರ್. ನನ್ನ ಪೆನ್ನು ಆ ಹುಡುಗನನ್ನು ಅರ್ಧ ವರ್ಷಕ್ಕೂ ಮೊದಲೇ ಹುಟ್ಟಿಸಿಬಿಟ್ಟಿತ್ತು.

"ಹಂಗಾರ ನಾ ಚಳಿಗಾಲದಾಗ ಹುಟ್ಟೀನೇನ್ರೀ?" ಎಂದು ಅವನು ನಕ್ಕ. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದ. ಈ ಕಪ್ ನಡೆಯುವುದು ದೀಪಾವಳಿ ಮುಗಿದ ಮೇಲೆ, ಹದಿನೇಳು ತುಂಬದವರಿಗೆ. ಜೂನ್ ಲೆಕ್ಕದಲ್ಲಿ ಇದು ಅವನ ಕೊನೆಯ ಕಪ್. ಡಿಸೆಂಬರ್ ಲೆಕ್ಕದಲ್ಲಿ ಮುಂದಿನ ವರ್ಷವೂ ಆಡಬಹುದು. ಮುಂದಿನ ವರ್ಷ ಈ ಕಪ್‌ನಿಂದಲೇ ಜಿಲ್ಲಾ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆ ಎಂಬ ಸುದ್ದಿಯಿತ್ತು. "ಸರ, ಒಂದು ವರ್ಷ ಸಿಕ್ತು!" ಎಂದು ನನ್ನ ಕೈಯನ್ನೇ ಹಿಡಿದು ಕುಲುಕಿದ. ಅವನ ಆ ಖುಷಿ ನೋಡಿ ನಾನೂ ಉಬ್ಬಿಹೋದೆ, ಫಾರ್ಮಿನಲ್ಲಿ ಏಳೂ ಹುಡುಗರಿಗೆ ತಾಯಂದಿರು ಹೇಳಿದ ದಿನಗಳನ್ನೇ ಬರೆದೆ. ಫಾರ್ಮನ್ನು ಆಧಾರ್ ಜೊತೆ ತಾಳೆ ನೋಡುತ್ತಾರೆ ಎಂಬ ಸಣ್ಣ ಮಾತು ನನ್ನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಮಾನ್ವಿಯಿಂದ ಬಸ್ಸಿನಲ್ಲಿ ವಾಪಸು ಬಂದೆವು. ಮರುದಿನ ಶಾಲೆಯ ಅಂಗಳದಲ್ಲಿ ಕ್ಲಬ್ಬಿನ ಸಭೆ. ಕಮಿಟಿ ಆಫೀಸಿನ ಮುಂದೆ ಧರಣಿ ಕೂಡೋಣ ಎಂದರು ಕೆಲವರು, ದೇವದುರ್ಗದವರನ್ನು ಒಂದು ಕೈ ನೋಡಿಕೊಳ್ಳೋಣ ಎಂದರು ಇನ್ನು ಕೆಲವರು. ನಾನು ಬರೆಯುತ್ತೇನೆ, ಸುಮ್ಮನಿರಿ ಎಂದೆ. ಮೂರು ಪುಟ ಬರೆದೆ. ಅಲಾಯಿ, ಹತ್ತಿ, ಸಾಲು ಎಲ್ಲ ಬರೆದು ಕಮಿಟಿಗೆ ಕಳಿಸಿದೆ.

ಎಂಟು ದಿನಕ್ಕೆ ಅಧ್ಯಕ್ಷರ ಫೋನ್ ಬಂತು. "ಓದಿದ್ನಿ ಸರ. ನಾನೂ ಜೂನ್ ಒಂದರವನ. ಆದ್ರ ಏನ್ ಮಾಡೂದು, ಕಾಗದ ಕೇಳ್ತಾರ. ಕೊಟ್ಟ ತಾರೀಖು ಸುಳ್ಳು, ತಪ್ಪಾತು ಅಂತ ತಂದಿ-ತಾಯಿ ಕಡಿಂದ ಬರಸಿ ಕೊಡ್ರಿ. ಮುಂದಿನ ವರ್ಷ ಆಡಾಕ ಬಿಡ್ತೀವಿ. ಇಲ್ಲಾಂದ್ರ ನಿಮ್ಮ ಕ್ಲಬ್ ಮೂರು ವರ್ಷ ಬಂದ್."

ದಾಖಲೆ ತಿದ್ದಿಸೋಣವೆಂದರೆ ಕೋರ್ಟು ಹತ್ತಬೇಕು. ಅಷ್ಟರಲ್ಲಿ ಎಲ್ಲರಿಗೂ ವಯಸ್ಸು ಮೀರುತ್ತದೆ. ಬರೆದುಕೊಟ್ಟರೆ ಉಳಿದವರಿಗೆ ನಷ್ಟವಿಲ್ಲ, ಜೂನ್ ಲೆಕ್ಕದಲ್ಲೂ ಅವರು ಇನ್ನೂ ಚಿಕ್ಕವರು. ಕಪ್‌ನಿಂದ ಹೋಗುವವನು ನಾಯಕ ಒಬ್ಬನೇ. ಅವನನ್ನು ಬೇರೆ ಕರೆದು ಹೇಳಿದೆ.

"ಬರೀರಿ ಸರ. ಅವ್ರರ ಆಡ್ಲಿ" ಎಂದ. ನನಗೆ ಅಲ್ಲಿಯೇ ಅಳು ಬಂತು. ಅವನು ಅಳಲಿಲ್ಲ.

ಸಂಜೆ ಅವನ ಜೊತೆ ಅವನ ಮನೆಗೆ ಹೋದೆ. ಓದದೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮನಸ್ಸು ಬರಲಿಲ್ಲ. ಆ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದೆ: ನನ್ನ ಮಗನ ಹುಟ್ಟಿದ ದಿನವನ್ನು ನಾನು ಸುಳ್ಳು ಹೇಳಿದ್ದೇನೆ, ಕ್ಷಮಿಸಬೇಕು.

"ನಾ ಹಡದೀನ್ರೀ ಸರ," ಎಂದರು. "ನಾ ಯಾಕ ಸುಳ್ಳ ಹೇಳ್ಲಿ?"

ನಿಮ್ಮದು ಸುಳ್ಳಲ್ಲ ಯವ್ವಾ, ಕಾಗದಕ್ಕೆ ಹೀಗೆ ಬೇಕು ಎಂದೆ. ನನ್ನ ದನಿ ನನಗೇ ಹೇಸಿಗೆ ಅನಿಸಿತು. ಅವರು ಮಗನ ಮುಖ ನೋಡಿದರು. ಅವನು ತಲೆ ಆಡಿಸಿದ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು. ನಾನು ಕಾಗದ ಮಡಚುತ್ತಿದ್ದಾಗ ಕೇಳಿದರು:

"ಇನ್ನ ಯಾರರ ಕೇಳಿದ್ರ ನಾ ಏನಂತ ಹೇಳ್ಲಿ ಸರ?"

ಹುಡುಗನೇ ಹೇಳಿದ: "ಜೂನ್ ಒಂದು. ಸರ ಬರದದ್ದ ಹೇಳಬೇ."