ಹುಲ್ಲಿನ ಲಂಗ

ಸಿಡ್ನಿಯ ನಮ್ಮ ಆಫೀಸಿನಲ್ಲಿ ಮಲ್ಟಿಕಲ್ಚರಲ್ ಡೇ ಇತ್ತು. ಮ್ಯಾನೇಜರಮ್ಮ ಸಮೋವಾ ದ್ವೀಪದ ಸಹೋದ್ಯೋಗಿ ಸೀನಾಳ ಕೈಗೆ ಪ್ಲಾಸ್ಟಿಕ್ ಹುಲ್ಲಿನ ಲಂಗ ಕೊಟ್ಟು, "ಇದನ್ನುಟ್ಟು ನಿಮ್ಮ ಡಾನ್ಸ್ ಮಾಡು" ಅಂದಳು.

"ಇದು ಹವಾಯಿಯವರದು, ನಮ್ಮದಲ್ಲ," ಅಂದಳು ಸೀನಾ ಮೆಲ್ಲಗೆ. "ನಮ್ಮೂರ ರೆಸಾರ್ಟ್‌ಗಳಲ್ಲೂ ಇದನ್ನೇ ಉಡಿಸಿ ಕುಣಿಸ್ತಾರೆ, ಟೂರಿಸ್ಟ್‌ಗಳು ಕೇಳೋದೇ ಇದನ್ನ. ಈಗ ನಮ್ಮ ಮಕ್ಕಳೂ ಇದೇ ನಮ್ಮದು ಅಂದ್ಕೊಂಡಿದ್ದಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಧಾರವಾಡದ ನನಗೆ ಪ್ರತಿ ವರ್ಷ ಪಂಜಾಬಿನ ಭಾಂಗ್ಡಾ ಕುಣಿ ಅನ್ನುವವಳೂ ಈ ಮ್ಯಾನೇಜರಮ್ಮನೇ. "ಒಂದು ದೇಶ ಅಂದರೆ ನಿನಗೆ ಫ್ಯಾನ್ಸಿ ಡ್ರೆಸ್ಸಾ? ಇದು ಸಮೋವಾದ್ದು ಅಂತ ಯಾರು ಹೇಳಿದರು ನಿನಗೆ?" ಎಂದು ಎಲ್ಲರೆದುರೇ ಕೂಗಾಡಿದೆ.

ಅವಳು ಕಂಗಾಲಾಗಿ ಫೋನ್ ತೆಗೆದು ನಾನೇ ಕಳಿಸಿದ್ದ ವಿಡಿಯೋ ತೋರಿಸಿದಳು. ಹೋದ ರಜೆಯಲ್ಲಿ ಸಮೋವಾದ ರೆಸಾರ್ಟಿನಲ್ಲಿ ಅಂಥದ್ದೇ ಲಂಗ ಉಟ್ಟು ಕುಣಿಯುತ್ತಿದ್ದೆ ನಾನು. ಕೆಳಗೆ ನಾನೇ ಬರೆದಿದ್ದೆ: "ಅಪ್ಪಟ ಸಮೋವಾ!"