ಅಮಾವಾಸ್ಯೆ ಸಂಜೆಯ ಲೆಕ್ಕ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಮನೆಯವರ ಬುತ್ತಿ ಕಟ್ಟಿ ಕಳಿಸಿ, ಕಾಳಿನ ಡಬ್ಬಗಳನ್ನು ಬಿಸಿಲಿಗಿಡಲು ಇಳಿಸಿದೆ. ಅಲಸಂದೆ ಡಬ್ಬದ ತಳಕ್ಕೆ ಹಾಸಿದ್ದ ಕಾಗದ ಕೈಗೆ ಬಂತು. ನನ್ನದೇ ಅಕ್ಷರ. ೧೪ರವರೆಗಿನವರು ಶೇಕಡಾ ೩೦, ೧೫ರಿಂದ ೨೯ರವರು ೨೫, ೩೦ರಿಂದ ೫೯ರವರು ೩೫, ೬೦ ತುಂಬಿದವರು ೧೦. ಒಂದು ಊರಿನ ಜನರ ವಯಸ್ಸು. ಊರು ನಾನೇ ಕಟ್ಟಿದ್ದು, ಯಂಕವ್ವನಿಗಾಗಿ.

ಆರೇಳು ವರ್ಷದ ಹಿಂದಿನ ಮಾತು. ಯಂಕವ್ವ ಸಾಣಾಪುರದಿಂದ ಬಸ್ಸಿನಲ್ಲಿ ಗಂಗಾವತಿಗೆ ಬಂದು ನಮ್ಮ ಮನೆಯ ಪಾತ್ರೆ ತಿಕ್ಕುತ್ತಿದ್ದಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು. ಪಾಸಾದರೆ ತನ್ನೂರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಬಹುದಿತ್ತು. ‘ಇದ ಕಡೀ ಸಲ ಅಕ್ಕಾರ. ಇನ್ನ ಫೇಲಾದ್ರ ನನ್ನ ಮಗಳ ನಗ್ತಾಳ್ರಿ’ ಎಂದಿದ್ದಳು.

ಪಾಠ ಹೇಳಲು ಕೂತ ನಾನೋ ಇಂಗ್ಲಿಷ್ ಕಾನ್ವೆಂಟಿನವಳು. ‘ಸಂಭವನೀಯತೆ’ ಎಂಬ ಪದವನ್ನು ಮೊದಲು ಕಂಡದ್ದೇ ಅವಳ ಪುಸ್ತಕದಲ್ಲಿ. ಆದರೂ ಗತ್ತಿನಿಂದ ಕೇಳಿದೆ: ‘ಈ ಊರಲ್ಲಿ ಯಾರೋ ಒಬ್ಬರು ಸಿಕ್ಕರು. ಅವರು ಅರವತ್ತು ತುಂಬಿದವರಾಗಿರುವ ಸಂಭವ ಎಷ್ಟು?’

‘ಮುದುಕರ ಸಿಗೂದು ಖರೇನ ಅಕ್ಕಾರ. ನಾಟಿ ದಿನದಾಗ ಹಗಲಿ ಊರಾಗ ಮತ್ಯಾರ ಇರ್ತಾರ? ಹುಡುಗ್ರು ಸಾಲಿಗೆ, ಉಳದವ್ರು ಗದ್ದಿಗೆ.’

‘ಪರೀಕ್ಷೆಯಲ್ಲಿ ಗದ್ದೆ ಇರುವುದಿಲ್ಲ’ ಎಂದುಬಿಟ್ಟೆ. ಆ ಮಾತು ನನಗೇ ಹಿಡಿಸಲಿಲ್ಲ. ಯಾರು ಬೇಕಾದರೂ ಸಮನಾಗಿ ಸಿಗುವಂತಿದ್ದರೆ ತಾನೇ ನೂರರಲ್ಲಿ ಹತ್ತು ಎಂಬ ನನ್ನ ಉತ್ತರ ಸರಿ? ‘ಎಲ್ಲರೂ ಮನೆಯಲ್ಲಿದ್ದಾರೆ ಅಂದುಕೋ’ ಎಂದೆ.

‘ಹಂಗಾರ ಅಮಾಸಿ ಸಂಜಿ ಅನ್ರಿ.’ ಅಮಾವಾಸ್ಯೆ ದಿನ ಅವಳೂರಿನಲ್ಲಿ ಯಾರೂ ಗದ್ದೆಗೆ ಇಳಿಯುವುದಿಲ್ಲ. ಸಂಜೆಗೆ ಮಕ್ಕಳೂ ಶಾಲೆಯಿಂದ ಬಂದಿರುತ್ತಾರೆ.

ಆಮೇಲೆ ನನಗೆ ಕೆಲಸವೇ ಉಳಿಯಲಿಲ್ಲ. ಮೂವತ್ತರೊಳಗಿನವರು? ಮೊದಲ ಎರಡು ಸಾಲು ಕೂಡಿಸಿ ನೂರರಲ್ಲಿ ಐವತ್ತೈದು ಎಂದಳು. ಮುದುಕರಲ್ಲದವರು? ನಾನಿನ್ನೂ ಮೂರು ಅಂಕಿ ಕೂಡಿಸುತ್ತ ಬೆರಳು ಮಡಚುತ್ತಿದ್ದೆ. ‘ನೂರರಾಗ ಹತ್ತ ತಗೀರಿ, ತೊಂಬತ್ತ’ ಎಂದು ಮುಂದಿನ ತಟ್ಟೆಗೆ ಕೈ ಹಾಕಿದಳು.

ಪಾಸಾದಳು. ಕೆಲಸವೂ ಸಿಕ್ಕಿತು. ನಿಮ್ಮೆದುರು ಮುಚ್ಚುಮರೆ ಯಾಕೆ, ‘ನಾನೇ ಕಲಿಸಿದ್ದು’ ಎಂದು ತವರಿಗೆಲ್ಲ ಫೋನು ಮಾಡಿ ಹೇಳಿದ್ದೆ. ಇವತ್ತು ಆ ಕಾಗದವನ್ನು ಸೆರಗಿನಿಂದ ಒರೆಸುವಾಗಲೂ ಅದೇ ಜಂಬ.

ಸಂಜೆ ಕಾಳು ತುಂಬುತ್ತಿದ್ದಾಗ ಎದುರುಮನೆಗೆ ಹೊಸದಾಗಿ ಬಂದಿರುವ ಶಾಂತಮ್ಮ ಕರಿಬೇವಿಗೆ ಬಂದರು. ಸಾಣಾಪುರದ ತವರಿನಿಂದ ಆಗಷ್ಟೇ ಮರಳಿದ್ದರು. ಅಲ್ಲಿ ಅಂಗನವಾಡಿಯವರು ಮನೆಮನೆಯ ಜನರನ್ನು ಬರೆದುಕೊಂಡು ಹೋದರಂತೆ.

‘ಟೀಚರು ಹಗಲಿ ಬರ್ತೀನಿ ಅಂದ್ರೂ ಆ ಸಹಾಯಕಿ ಯಂಕವ್ವ ಬಿಡೂದಿಲ್ರಿ. ಮಂದಿ ಎಣಸೂದಿದ್ರ ಅಮಾಸಿ ಸಂಜೀಕ ಎಣಸಬೇಕಂತ.’

ಕಾಳಿನ ಡಬ್ಬ ಕೆಳಗಿಟ್ಟು ತಿರುಗಿದೆ. ಶಾಂತಮ್ಮ ಕರಿಬೇವಿನ ಎಸಳು ಮುರಿದುಕೊಂಡು ಹೊರಡುತ್ತ ಅಂದರು:

‘ಯಾರ ಕಲಿಸ್ಯಾರೋ ಏನೋ ಆಕೀಗೆ.’